ಕೊ, ಕಿ, ಕು ಮತ್ತು ಮೇಷ್ಟ್ರ ಕಂಬ

ಜಪಾನಿ ಭಾಷೆ ಕಲಿತವರಿಗೆ ಜಪಾನಿನಲ್ಲಿ ಏನೇನು ಆಗುತ್ತದೋ ನನಗೆ ಗೊತ್ತಿಲ್ಲ, ನಾನು ಅಲ್ಲಿಗೆ ಹೋದವಳಲ್ಲ. ಆದರೆ ಭದ್ರಾವತಿಗೂ ಶಿವಮೊಗ್ಗಕ್ಕೂ ನಡುವೆ ಓಡಾಡಿಕೊಂಡು ಜಪಾನಿ ಕಲಿತವರಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಹೋದ ವಾರದ ಮಾತು. ಬಸ್ಸಿನಲ್ಲಿ ಕಿಟಕಿ ಪಕ್ಕ ಆರಾಮಾಗಿ ಕೂತು, ಸಂಜೆ ಹುಡುಗರಿಗೆ ಹೇಳಿಕೊಡಬೇಕಾದ ಪಾಠವನ್ನು ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತಿದ್ದೆ. ಮಧ್ಯದಲ್ಲಿ ಒಂದು ಕ್ರಿಯಾಪದದ ರೂಪ ತಪ್ಪಿತು. ತಪ್ಪಿದ್ದೇ ತಡ, ಎದ್ದು ಹೋಗಿ ಬಸ್ಸಿನ ಕಂಬ ಹಿಡಿದು ನಿಂತುಬಿಟ್ಟೆ.

ಕಂಡಕ್ಟರ್ ಬಂದು ಮೇಲಿಂದ ಕೆಳಗೆ ನೋಡಿದ. "ಮೇಡಂ, ಅರ್ಧ ಬಸ್ ಖಾಲಿ ಇದೆ. ಕೂತಿದ್ದ ಸೀಟು ಬಿಟ್ಟು ಯಾಕೆ ನಿಂತ್ರಿ?"

"ತಪ್ಪು ಹೇಳಿದೆ, ಅದಕ್ಕೆ" ಅಂದೆ.

ಅವನು ಟಿಕೆಟ್ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡ. "ನಮ್ ಡಿಪೋದಲ್ಲೂ ಈ ರೂಲ್ಸ್ ಬಂದ್ರೆ ಒಬ್ಬ ಅಧಿಕಾರಿಗೂ ಕುರ್ಚಿ ಬೇಕಾಗಲ್ಲ ಬಿಡಿ" ಅಂದು ಮುಂದೆ ಹೋದ.

ಹೊಸಮನೆಯ ಮಹಡಿ

ಈ ಕಂಬದ ರೂಲ್ಸು ನಮ್ಮ ಮೇಷ್ಟ್ರದ್ದು. ಮೇಷ್ಟ್ರು ಈಗಿಲ್ಲ. ಇದ್ದಾಗ ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಟ್ಟು ನಿವೃತ್ತರಾಗಿ, ಹೊಸಮನೆಯಲ್ಲಿ ತಮ್ಮ ಮನೆಯ ಮಹಡಿ ಮೇಲೆ ಜಪಾನಿ ಪಾಠ ಮಾಡುತ್ತಿದ್ದರು. ಸಂಸ್ಕೃತದವರು ಜಪಾನಿಗೆ ಹೇಗೆ ಬಂದರು ಎಂದು ಎಲ್ಲರೂ ಕೇಳುತ್ತಿದ್ದರು. ಗಾಂಧಿ ಬಜಾರಿನ ಹಳೇ ಪುಸ್ತಕದ ಅಂಗಡಿಯಲ್ಲಿ ಏನನ್ನೋ ಹುಡುಕಲು ಹೋದವರಿಗೆ ಒಂದು ಹಳೆಯ ಜಪಾನಿ ವ್ಯಾಕರಣ ಸಿಕ್ಕಿತಂತೆ. ತೆರೆದ ಪುಟದಲ್ಲೇ ಕ್ರಿಯಾಪದದ ಕೋಷ್ಟಕ. "ನೋಡಿದ ತಕ್ಷಣ ನಮ್ಮವರೇ ಅನ್ನಿಸ್ತು ಮಾರಾಯ್ತಿ. ಸಾಲಾಗಿ ರೂಪಗಳು. ಬಾಯಿಪಾಠ ಮಾಡೋ ಜನ ಎಲ್ಲಿದ್ರೂ ನಮ್ಮವರೇ" ಎನ್ನುತ್ತಿದ್ದರು. ಗುರು ಇಲ್ಲ, ಕ್ಲಾಸಿಲ್ಲ, ಒಬ್ಬ ಜಪಾನಿಯ ಮುಖವನ್ನೂ ಕಂಡವರಲ್ಲ. ಪುಸ್ತಕ ಒಂದೇ ಇಟ್ಟುಕೊಂಡು ವರ್ಷಗಟ್ಟಲೆ ಕೂತು ಕಲಿತರು.

ಜಪಾನಿನ ಹಳೆಯ ವ್ಯಾಕರಣದಲ್ಲಿ ಒಂದೊಂದು ಕ್ರಿಯಾಪದಕ್ಕೂ ಆರು ರೂಪ. ಇನ್ನೂ ಆಗದೇ ಇರುವುದಕ್ಕೆ ಮಿಜೆನ್. ಇನ್ನೊಂದು ಕ್ರಿಯೆಯ ಕೈ ಹಿಡಿಯುವುದು ರೆನ್ಯೋ. ಮಾತು ಮುಗಿಸುವುದು ಶೂಶಿ. ನಾಮಪದಕ್ಕೆ ಅಂಟಿಕೊಳ್ಳುವುದು ರೆನ್‌ತಾಯ್. ಆಗಿಹೋದದ್ದು ಇಜೆನ್. ಅಪ್ಪಣೆ ಕೊಡುವುದು ಮೇರೇ. 'ಬರು' ಎಂಬ ಕ್ರಿಯೆಗೆ ಈ ಆರನ್ನೂ ಸಾಲಾಗಿ ಹೇಳಿದರೆ ಕೊ, ಕಿ, ಕು, ಕುರು, ಕುರೆ, ಕೊಯೊ. ಇಷ್ಟು ತಿಳಿದರೆ ಸಾಕು, ನೀವೂ ನಮ್ಮ ಕ್ಲಾಸಿನವರೇ ಆದಿರಿ.

ಮಹಡಿಗೆ ಶೀಟು ಹೊದಿಸಿತ್ತು. ನಡುವೆ ಶೀಟಿಗೆ ಆಸರೆಯಾಗಿ ಒಂದು ಕಬ್ಬಿಣದ ಕಂಬ. ಚಾಪೆ ಮೇಲೆ ಕೂತು ಎಲ್ಲರೂ ಒಟ್ಟಿಗೆ ರಾಗವಾಗಿ ಹೇಳಬೇಕು. ಆಮೇಲೆ ಮೇಷ್ಟ್ರು ಸಾಲಿನಲ್ಲಿ ಒಬ್ಬೊಬ್ಬರಿಗೂ ಬೆರಳು ತೋರಿಸುತ್ತ ಬರುವರು. ತಪ್ಪಿದವರು ಎದ್ದು ಹೋಗಿ, ಕಂಬ ಹಿಡಿದು, ಬಾಯಿಗೆ ಬರುವ ತನಕ ಹೇಳಬೇಕು. ಹುಡುಗರು, ದೊಡ್ಡವರು ಎಂಬ ಭೇದ ಇಲ್ಲ. ಬೇಸಿಗೆಯಲ್ಲಿ ಆ ಕಂಬ ಕಾದು ಸುಡುತ್ತಿತ್ತು. ಹಾಗಾಗಿ ನಮ್ಮ ಕ್ಲಾಸಿನವರೆಲ್ಲ ಚೆನ್ನಾಗಿ ಕಲಿಯುತ್ತಿದ್ದುದು ಮಾರ್ಚಿನಿಂದ ಮೇವರೆಗೆ.

ಫೋರ್‌ಮನ್

ನಾನು ಆಗ ಮಾಚೇನಹಳ್ಳಿಯ ಒಂದು ಸಣ್ಣ ಫೌಂಡ್ರಿಯ ಆಫೀಸಿನಲ್ಲಿದ್ದೆ. ನಮ್ಮಲ್ಲಿ ಎರಕ ಹೊಯ್ದ ಬಿಡಿಭಾಗಗಳನ್ನು ಒಂದು ಜಪಾನಿ ಕಂಪನಿ ಕೊಳ್ಳುತ್ತದೆ ಎಂಬ ಸುದ್ದಿ ಬಂತು. ಫೌಂಡ್ರಿಯ ಯಜಮಾನರು ಖುಷಿಯಲ್ಲಿ ನನ್ನನ್ನೂ ಫೋರ್‌ಮನ್ನರನ್ನೂ ಜಪಾನಿ ಕಲಿಯಲು ಮೇಷ್ಟ್ರ ಬಳಿ ಕಳಿಸಿದರು.

ಫೋರ್‌ಮನ್ ಭದ್ರಾವತಿಯವರು, ಮನೆಮಾತು ತಮಿಳು. ಮೀಸೆ ನೋಡಿದರೇ ಕುಲುಮೆ ಅರ್ಧ ಆರಬೇಕು. ಅವರು ಶೆಡ್ಡಿಗೆ ಬಂದರೆ ಗ್ರೈಂಡಿಂಗ್ ಮಷೀನೂ ಮೆತ್ತಗೆ ಓಡುತ್ತದೆ ಎಂದು ನಮ್ಮ ಹುಡುಗರು ಹೇಳುತ್ತಿದ್ದರು. ಅಂಥವರು ಮೊದಲನೇ ವಾರ ಎಲ್ಲಾ ದಿನವೂ ಕಂಬ ಹಿಡಿದರು. ಒಂದು ಸಂಜೆ ಅವರ ಹೆಂಡತಿ ಮನೆ ಬೀಗದ ಕೈ ಕೇಳಿಕೊಂಡು ಶಿವಮೊಗ್ಗಕ್ಕೆ ಬಂದರು. ಮಹಡಿ ಮೆಟ್ಟಿಲು ಹತ್ತಿ ನೋಡಿದರೆ ಗಂಡ ಕಂಬ ಹಿಡಿದು, ಕಣ್ಣು ಮುಚ್ಚಿ, "ಸೆ, ಶಿ, ಸು" ಅನ್ನುತ್ತ ನಿಂತಿದ್ದಾರೆ. ಆಕೆ ಬಾಯಿಗೆ ಸೆರಗು ಒತ್ತಿಕೊಂಡು ಮೆಟ್ಟಿಲ ಮೇಲೇ ಕೂತುಬಿಟ್ಟರು. ಬೀಗದ ಕೈ ಮರೆತೇ ಹೋಯಿತು.

ಮಾರನೇ ದಿನ ಫೋರ್‌ಮನ್ ಸಪ್ಪಗಿದ್ದರು. ಯಾಕೆ ಎಂದು ಕೇಳಿದೆ.

"ಇಷ್ಟು ವರ್ಷ ಮನೇಲಿ ನಾನು ಒಂದ್ ಸಲ ಜೋರಾಗಿ ಮಾತಾಡಿದ್ರೆ ಎಲ್ಲಾ ಸೈಲೆಂಟು. ನಿನ್ನೆ ಸಾಂಬಾರಿಗೆ ಉಪ್ಪಿಲ್ಲ ಅಂದೆ ಮೇಡಂ. ಅವಳು ಏನೂ ಬೈಲಿಲ್ಲ. ಸುಮ್ನೆ ವರಾಂಡದ ಕಂಬ ತೋರಿಸಿದ್ಲು."

ನೀರು ಬಂದ ದಿನ

ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರು ತುಂಬ ದೈವಭಕ್ತರು. ದಿನಾ ಸಂಜೆ ಮಹಡಿಯಿಂದ ಒಕ್ಕೊರಲಿನಲ್ಲಿ ಪಠಣ ಕೇಳಿ, ಇದು ಯಾವುದೋ ಅಪರೂಪದ ಮಂತ್ರವಿರಬೇಕು ಎಂದು ಅವರು ತೀರ್ಮಾನಿಸಿದ್ದರು. ಒಂದು ದಿನ ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಹೂವು ಇಟ್ಟುಕೊಂಡು ಬಂದೇ ಬಂದರು.

"ಮೇಷ್ಟ್ರೇ, ನಾಳೆ ನಮ್ಮನೇಲಿ ಸಣ್ಣ ಪೂಜೆ. ನೀವು ಬಂದು ಆ ಸಾಯಂಕಾಲದ್ದು ಹೇಳ್ಬೇಕು."

"ಸ್ವಾಮಿ, ಅದು ಮಂತ್ರ ಅಲ್ಲ. ಜಪಾನಿ ಭಾಷೆ. ಕ್ರಿಯಾಪದ."

"ನಮಗೆ ಅರ್ಥ ಆಗೋ ಮಂತ್ರ ಯಾವುದಿದೆ ಹೇಳಿ. ಕೇಳಿದ್ರೆ ಮನಸ್ಸಿಗೆ ಸಮಾಧಾನ ಆಗತ್ತೆ, ನಮಗೆ ಅಷ್ಟು ಸಾಕು."

ಮೇಷ್ಟ್ರು ಎಷ್ಟು ಹೇಳಿದರೂ ಅವರು ಬಿಡಲಿಲ್ಲ. ಕೊನೆಗೆ ಮೇಷ್ಟ್ರು ಹೋದರು. ಪೂಜೆ, ಮಂಗಳಾರತಿ ಎಲ್ಲ ಮುಗಿದ ಮೇಲೆ, ದೇವರಿಗೆ ಬೆನ್ನು ಮಾಡಿ ಪಕ್ಕಕ್ಕೆ ನಿಂತು, ಇದು ದೇವರಿಗಲ್ಲ ಎಂದು ಇನ್ನೊಮ್ಮೆ ಸ್ಪಷ್ಟವಾಗಿ ಹೇಳಿ, 'ಬರು' ಕ್ರಿಯೆಯ ಆರು ರೂಪವನ್ನು ಹೇಳಿದರು. ಆ ಬೀದಿಗೆ ಎಷ್ಟೋ ದಿನದಿಂದ ನಲ್ಲಿ ನೀರು ಬಂದಿರಲಿಲ್ಲ. ಅಂದು ಮಧ್ಯಾಹ್ನ ಬಂತು.

ಅಲ್ಲಿಗೆ ಮೇಷ್ಟ್ರ ಕಥೆ ಮುಗಿಯಿತು. ನಲ್ಲಿ ನಿಂತಾಗಲೆಲ್ಲ ಬೀದಿಯವರು ಒಬ್ಬರಾದ ಮೇಲೆ ಒಬ್ಬರು ಗೇಟಿನ ಹತ್ತಿರ ಬಂದು ಕೈ ಮುಗಿಯುವರು. "ಮೇಷ್ಟ್ರೇ, ಬಿಂದಿಗೆ ಒಂದೂ ತುಂಬಿಲ್ಲ. ಒಂಚೂರು ಕೊ, ಕಿ, ಕು ಹೇಳಿ." ಮೇಷ್ಟ್ರಿಗೆ ವಿಪರೀತ ಸಿಟ್ಟು ಬರುತ್ತಿತ್ತು. ಅವರ ಮನೆಯಾಕೆ, ನಾವೆಲ್ಲ ಅಮ್ಮಾವ್ರು ಎನ್ನುತ್ತಿದ್ದೆವು, ಒಳಗಿನಿಂದಲೇ ಹೇಳಿದರು. "ಸಿಟ್ಟು ಆಮೇಲೆ ಮಾಡ್ಕೊಳಿ. ನಮ್ಮ ಟ್ಯಾಂಕೂ ಖಾಲಿ ಇದೆ, ಮೊದ್ಲು ಹೇಳಿ."

ಅಮ್ಮಾವ್ರ ಜಪಾನಿ

ಅಮ್ಮಾವ್ರು ಒಂದು ದಿನವೂ ಕ್ಲಾಸಿನಲ್ಲಿ ಕೂತವರಲ್ಲ. ಆದರೆ ಮಹಡಿ ಮೆಟ್ಟಿಲು ಇಳಿಯುವುದು ಸೀದಾ ಅಡುಗೆಮನೆಗೆ. ಪಲ್ಯದ ಜೊತೆ ಪಾಠವೂ ಬೇಯುತ್ತಿತ್ತು. ಆರೂ ರೂಪಗಳನ್ನು ಅವರು ಸಂಸಾರಕ್ಕೆ ಇಳಿಸಿಬಿಟ್ಟಿದ್ದರು.

ಬಚ್ಚಲ ಚಿಲಕ ಸರಿ ಮಾಡಿಸುತ್ತೇನೆ ಎಂದು ಮೇಷ್ಟ್ರು ಹೇಳುತ್ತಲೇ ಇದ್ದರು. ಯಾರಾದರೂ ನೆಂಟರು ಬಚ್ಚಲಿಗೆ ಹೊರಟರೆ ಅಮ್ಮಾವ್ರು, "ಒಳಗಿಂದ ಕೆಮ್ತಾ ಇರಿ. ಚಿಲಕ ಮಿಜೆನ್" ಎನ್ನುವರು. ಮೇಷ್ಟ್ರ ಒಬ್ಬ ಹಳೇ ಸ್ನೇಹಿತರು ಕಾಫಿಗೆ ಬಂದರೆ ಊಟದ ಹೊತ್ತಾದರೂ ಏಳುತ್ತಿರಲಿಲ್ಲ. ಅವರು ದೂರದಲ್ಲಿ ಕಂಡರೆ ಸಾಕು, "ಬಂದ್ರು ನೋಡಿ, ಶೂಶಿ ಇಲ್ದೋರು" ಎನ್ನುವರು. ಯಾರದ್ದೋ ಮಗಳಿಗೆ ಸಂಬಂಧ ನೋಡಿಕೊಂಡು ಬಂದು, "ಹುಡುಗ ಏನೂ ಕೆಲಸ ಮಾಡಲ್ಲ, ಅವರಪ್ಪನ ಹೆಸರಿಗೆ ಅಂಟ್ಕೊಂಡಿದಾನೆ. ಬರೀ ರೆನ್‌ತಾಯ್" ಎಂದರು. ಆ ಸಂಬಂಧ ಅಲ್ಲಿಗೇ ಬಿಟ್ಟುಹೋಯಿತು. ಒಳ್ಳೆಯದೇ ಆಯಿತು ಎಂದು ಆಮೇಲೆ ಎಲ್ಲರೂ ಹೇಳಿದರು.

ಒಂದು ಸಂಜೆ ಮೇಷ್ಟ್ರು ಆರನೇ ರೂಪದ ಮೇಲೆ ಗಂಭೀರವಾಗಿ ಪಾಠ ಮಾಡುತ್ತಿದ್ದರು. "ಮೇರೇ ಅಂದ್ರೆ ಅಪ್ಪಣೆ. ಇದನ್ನ ಸುಮ್ಮಸುಮ್ಮನೆ ಬಳಸಬಾರದು. ಎದುರಿಗಿರೋರು ತಕ್ಷಣ ಮಾಡ್ತಾರೆ ಅನ್ನೋ ಅಧಿಕಾರ ಇದ್ದೋರು ಮಾತ್ರ ಬಳಸೋದು."

ಕೆಳಗಿನಿಂದ ಕೂಗು ಬಂತು. "ಅನ್ನ ಆರ್ತಿದೆ. ಬನ್ನಿ."

ಮೇಷ್ಟ್ರು ಪುಸ್ತಕ ಮುಚ್ಚಿ ಎದ್ದರು. "ಉದಾಹರಣೆ ಕೇಳಿದ್ರಲ್ಲ, ನಾಳೆ ಬನ್ನಿ" ಎಂದು ಇಳಿದುಹೋದರು.

ಕಾರ್ಟೂನ್

ಇಷ್ಟೆಲ್ಲ ನಗುವಿನ ನಡುವೆ ಮೇಷ್ಟ್ರಿಗೆ ಒಂದು ಅಳುಕು ಇತ್ತು. ತಾವು ಕಲಿಸುತ್ತಿರುವುದು ನಿಜವಾಗಿ ಜಪಾನಿ ಭಾಷೆಯೇ ಹೌದೋ ಅಲ್ಲವೋ. ನಕ್ಕುಕೊಂಡೇ ಹೇಳುತ್ತಿದ್ದರು, ಆದರೆ ನಗು ಪೂರ್ತಿ ಇರುತ್ತಿರಲಿಲ್ಲ.

"ಫೋನಲ್ಲಿ ಎಲ್ಲಾ ಸಿಗತ್ತೆ ಸರ್, ಜಪಾನಿನವರು ಮಾತಾಡೋದೇ ತೋರಿಸ್ತೀನಿ" ಎಂದು ನಮ್ಮ ಕ್ಲಾಸಿನ ನರ್ಸ್ ಹುಡುಗಿ ಒಂದು ಜಪಾನಿ ಕಾರ್ಟೂನ್ ಹಾಕಿಕೊಟ್ಟಳು. ಅವಳು ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತ, ಜಪಾನಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಬೇಕೆಂದು ಕಲಿಯಲು ಬರುತ್ತಿದ್ದಳು. ತೆರೆಯ ಮೇಲೆ ತಲೆಗೂದಲು ನೆಟ್ಟಗೆ ನಿಂತ ಒಬ್ಬ ಹುಡುಗ ಕತ್ತಿ ಹಿಡಿದು ಒಂದೇ ಸಮ ಕಿರುಚುತ್ತಿದ್ದ. ಮೇಷ್ಟ್ರು ಫೋನನ್ನು ಕಿವಿಗೆ ಹತ್ತಿರ ಹಿಡಿದು ಮುಗಿಯುವ ತನಕ ಕೇಳಿದರು.

"ಏನನ್ನಿಸ್ತು ಸರ್?"

"ಬರೀ ಮೇರೇ. ಬಾ, ಹೋಗು, ಹೊಡಿ, ಬಿಡು. ಪಾಪ, ಈ ಹುಡುಗನಿಗೆ ಮನೇಲಿ ಉಳಿದ ಐದು ರೂಪ ಯಾರೂ ಹೇಳ್ಕೊಟ್ಟಿಲ್ಲ."

ನಾವು ನಕ್ಕೆವು. ಆದರೆ ಮೇಷ್ಟ್ರು ಅವತ್ತು ಪಾಠ ಬೇಗ ಮುಗಿಸಿದರು. ಬಸ್ಸಿಗೆ ಹೊರಟ ನನ್ನನ್ನು ಗೇಟಿನ ಬಳಿ ನಿಲ್ಲಿಸಿ ಹೇಳಿದರು. "ಮಾತು ಮುಗಿಸೋ ಕಡೆ ಆ ಹುಡುಗ 'ಕು' ಅನ್ಲಿಲ್ಲ ನೋಡಿದ್ಯಾ? ಎಲ್ಲಾ ಕಡೆ 'ಕುರು' ಅಂದ. ನನ್ನ ಪುಸ್ತಕದ ಜಪಾನಿ ಯಾವತ್ತೋ ತೀರಿಹೋಗಿದ್ದು, ನಾನು ದಿನಾ ಸಂಜೆ ಅದರ ತಿಥಿ ಮಾಡಿಸ್ತಿದೀನೋ ಏನೋ."

ಸಂದರ್ಶನ

ಅಷ್ಟರಲ್ಲಿ ಬಸ್ ಸ್ಟ್ಯಾಂಡ್ ಕಡೆ ಒಂದು ಹೊಸ ಕೋಚಿಂಗ್ ಸೆಂಟರ್ ಶುರುವಾಯಿತು. ಎ.ಸಿ. ರೂಮು, ಮೆತ್ತನೆಯ ಕುರ್ಚಿಗಳು, ಗೋಡೆ ಮೇಲೆ ಚೆರ್ರಿ ಹೂವಿನ ಚಿತ್ರ. ಮೂರು ತಿಂಗಳಲ್ಲಿ ಜಪಾನಿ ಎಂದು ಬೋರ್ಡು. ಕಂಬ ಇರಲಿಲ್ಲ. ನಮ್ಮ ಚಾಪೆ ಮೇಲೆ ಜಾಗ ಜಾಸ್ತಿ ಆಗತೊಡಗಿತು. ಹೋದವರನ್ನು ಮೇಷ್ಟ್ರು ಬೈಯಲಿಲ್ಲ. "ಬೇಸಿಗೆ ಅಲ್ವಾ, ಎ.ಸಿ. ಇದೆ, ಹೋಗ್ಲಿ" ಎಂದರು. ಮಳೆಗಾಲ ಬಂದರೂ ಅವರು ವಾಪಸಾಗಲಿಲ್ಲ.

ನರ್ಸ್ ಹುಡುಗಿ ಮಾತ್ರ ಬಿಡಲಿಲ್ಲ. ಅವಳಿಗೆ ಒಂದು ಏಜೆನ್ಸಿಯಿಂದ ವಿಡಿಯೋ ಸಂದರ್ಶನ ಬಂತು. ಜಪಾನಿನವರಲ್ಲ, ಅವರ ಪರವಾಗಿ ಚೆನ್ನೈಯಿಂದ ಒಬ್ಬ ಮೇಡಂ ಪ್ರಶ್ನೆ ಕೇಳುವುದು. ನಿಮ್ಮ ಪರಿಚಯ ಹೇಳಿ ಎಂದು ಜಪಾನಿಯಲ್ಲಿ ಕೇಳಿದರಂತೆ. ಹುಡುಗಿಗೆ ತನ್ನ ಹೆಸರು ಕೂಡ ಮರೆತುಹೋಯಿತು. ಬಾಯಿಗೆ ಬಂದದ್ದು ಅದೊಂದೇ. ಕಣ್ಣು ಮುಚ್ಚಿಕೊಂಡು, ರಾಗವಾಗಿ, ಕೊ, ಕಿ, ಕು. 'ಬರು' ಮುಗಿಯಿತು, 'ಮಾಡು' ಬಂತು, 'ಬರೆ' ಬಂತು. ಮಧ್ಯದಲ್ಲಿ ನಿಲ್ಲಿಸಿದರೆ ಮತ್ತೆ ಮೊದಲಿಂದ ಹೇಳಬೇಕು ಎಂಬುದು ಮೇಷ್ಟ್ರ ಇನ್ನೊಂದು ರೂಲ್ಸು, ಹಾಗಾಗಿ ನಿಲ್ಲಿಸಲೂ ಇಲ್ಲ. ಕಣ್ಣು ಬಿಟ್ಟಾಗ ಆ ಮೇಡಂ, "ಇದು ಯಾವ ಭಾಷೆ? ಜಪಾನಿ ಅಲ್ಲ. ಹೀಗೆ ಯಾರೂ ಮಾತಾಡಲ್ಲ" ಎಂದು ಹೇಳಿ ಫೋನ್ ಇಟ್ಟರಂತೆ.

ಅವತ್ತು ಸಂಜೆ ಅವಳು ಬಂದವಳು ಯಾರ ಮುಖವನ್ನೂ ನೋಡದೆ, ಯಾರೂ ಹೇಳದೆ, ಸೀದಾ ಹೋಗಿ ಕಂಬ ಹಿಡಿದು ನಿಂತಳು. ಏನಾಯಿತು ಎಂದು ಫೋರ್‌ಮನ್ ಕೇಳಿದ ಮೇಲೆ ಅಳುತ್ತ ಎಲ್ಲ ಹೇಳಿದಳು. ಮೇಷ್ಟ್ರು ನಿಧಾನಕ್ಕೆ ಎದ್ದರು.

"ನೀನು ಸರಿಯಾಗೇ ಹೇಳಿದೀಯಮ್ಮ. ಬಿಡು ಕಂಬ. ಅದನ್ನ ಇವತ್ತು ನಾನು ಹಿಡೀಬೇಕು."

ಹೇಳಿ ಸುಮ್ಮನಾಗಲಿಲ್ಲ, ಬಂದು ಹಿಡಿದೇಬಿಟ್ಟರು. ಹುಡುಗಿಯೂ ಬಿಡಲಿಲ್ಲ. ಮೀಸೆಯ ಫೋರ್‌ಮನ್ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಆ ಹೊತ್ತಿಗೆ ಅಮ್ಮಾವ್ರು ಕಾಫಿ ಲೋಟಗಳ ತಟ್ಟೆ ಹಿಡಿದು ಮೇಲೆ ಬಂದು, ಒಂದು ಗಳಿಗೆ ನಿಂತು ನೋಡಿದರು.

"ಇಬ್ರೂ ಒಟ್ಟಿಗೆ ಜೋತಾಡಿದ್ರೆ ಶೀಟು ನಮ್ ತಲೆ ಮೇಲೆ ಬೀಳತ್ತೆ. ಅಳೋದಿದ್ರೆ ಗೋಡೆ ಹಿಡ್ಕೊಂಡು ಅಳಿ, ಕಾಫಿ ಆರ್ತಿದೆ."

ಮಾಚೇನಹಳ್ಳಿಗೆ ಬಂದ ಅತಿಥಿ

ಇದಾಗಿ ಕೆಲವು ತಿಂಗಳಿಗೆ ನಮ್ಮ ಫೌಂಡ್ರಿಗೆ ಜಪಾನಿನಿಂದ ಒಬ್ಬ ಇಂಜಿನಿಯರು ಬಂದರು. ನಮ್ಮ ಮಾಲು ತಪಾಸಣೆ ಮಾಡಿ ಸರಿ ಎಂದರೆ ದೊಡ್ಡ ಆರ್ಡರು. ಮಧ್ಯವಯಸ್ಸು, ಸಣ್ಣ ಆಳು, ಮಾತು ಬಹಳ ಕಡಿಮೆ. ಇಡೀ ಬೆಳಿಗ್ಗೆ ಒಂದೊಂದೇ ಬಿಡಿಭಾಗ ಎತ್ತಿ ಬೆಳಕಿಗೆ ಹಿಡಿದು, ಅಳತೆ ಮಾಡಿ, ಒಂದೂ ಮಾತಾಡದೆ ಕೆಳಗಿಡುವರು. ಇಷ್ಟವಾಯಿತೋ ಇಲ್ಲವೋ ಮುಖ ನೋಡಿ ಹೇಳುವಂತಿಲ್ಲ. ಭಾಷಾಂತರಕ್ಕೆಂದು ಪಕ್ಕದಲ್ಲಿ ನಿಂತ ನಾನು ಮೇಷ್ಟ್ರ ಪಾಠವನ್ನೂ ಫೋನಿನಲ್ಲಿ ಕೇಳಿ ಕಲಿತದ್ದನ್ನೂ ಸೇರಿಸಿ ಒಂದೆರಡು ವಾಕ್ಯ ಹೇಳಿದೆ. ಅವರು ತಲೆ ಬಗ್ಗಿಸಿ ಮತ್ತೆ ಅಳತೆಗೆ ಇಳಿದರು. ಯಜಮಾನರು ಬೆವರು ಒರೆಸಿಕೊಂಡೇ ಇದ್ದರು.

ಫೋರ್‌ಮನ್ನರಿಗೆ ಟೆನ್ಷನ್ ಆದರೆ ಬಾಯಲ್ಲಿ ಏನಾದರೊಂದು ಬರುತ್ತದೆ. ಮುಂಚೆ ಮುರುಗನ ಹೆಸರು ಬರುತ್ತಿತ್ತು, ಮೇಷ್ಟ್ರ ಕ್ಲಾಸು ಸೇರಿದ ಮೇಲೆ ಅದು ಬದಲಾಗಿತ್ತು. ಅಳತೆಯ ಗೇಜು ಹಿಡಿದು ಬಗ್ಗಿದವರು ತಮಗೇ ಗೊತ್ತಿಲ್ಲದೆ ಶುರು ಮಾಡಿದರು. "ಕೊ, ಕಿ, ಕು, ಕುರು, ಕುರೆ, ಕೊಯೊ."

ಜಪಾನಿನವರ ಕೈಯಲ್ಲಿದ್ದ ಬಿಡಿಭಾಗ ಟಣ್ ಎಂದು ಮೇಜಿನ ಮೇಲೆ ಬಿತ್ತು. ತಿರುಗಿ ಫೋರ್‌ಮನ್ನರನ್ನು ನೋಡಿದರು. ಮುಖ ಬಿಳಿಚಿಕೊಂಡಿತ್ತು. ಇದನ್ನು ಎಲ್ಲಿ ಕಲಿತಿರಿ ಎಂದು ನನ್ನನ್ನು ಕೇಳಿದರು. ಶಿವಮೊಗ್ಗದಲ್ಲಿ ನಮ್ಮ ಮೇಷ್ಟ್ರು ಕಲಿಸಿದ್ದು ಎಂದೆ. ಅವರನ್ನು ನೋಡಬಹುದೇ ಎಂದರು.

ಮೇಷ್ಟ್ರಿಗೆ ಫೋನ್ ಮಾಡಿದೆ. "ಕರ್ಕೊಂಡು ಬಾ. ಇವತ್ತು ಏನಾದ್ರೂ ಒಂದು ತೀರ್ಮಾನ ಆಗಿಹೋಗ್ಲಿ" ಎಂದರು. ಹಿಂದಿನಿಂದ ಅಮ್ಮಾವ್ರ ದನಿ ಕೇಳಿಸಿತು. "ಬಚ್ಚಲ ಚಿಲಕ ಇನ್ನೂ ಮಿಜೆನ್. ಪರದೇಶದೋರು ಬರ್ತಾರಂತೆ, ಏನ್ ಮಾಡ್ತೀರೋ ಮಾಡಿ."

ನಾವು ಹೋಗುವ ಹೊತ್ತಿಗೆ ಮೇಷ್ಟ್ರು ಒಗೆದ ಪಂಚೆ ಉಟ್ಟು, ಶಾಲು ಹೊದ್ದು, ಕಂಬದ ಪಕ್ಕ ನಿಂತಿದ್ದರು. ಚಾಪೆ ಮೇಲೆ ಉಳಿದಿದ್ದ ನಾಲ್ಕೈದು ಜನ, ನರ್ಸ್ ಹುಡುಗಿ, ಎಲ್ಲರೂ ಸ್ನಾನ ಮಾಡಿ ಬಂದವರ ಹಾಗೆ ಕೂತಿದ್ದರು. ಜಪಾನಿನವರು ಹೇಳಿಸಿಕೊಳ್ಳದೆ ಬೂಟು ಬಿಚ್ಚಿ, ಅದನ್ನು ತಿರುಗಿಸಿ ಜೋಡಿಸಿಟ್ಟು, ಒಳಗೆ ಬಂದು ಮೇಷ್ಟ್ರಿಗೆ ನಡು ಬಗ್ಗಿಸಿ ನಮಸ್ಕಾರ ಮಾಡಿದರು. ಹೋಗಿ ಸಾಲಿನ ಕೊನೆಯಲ್ಲಿ ಮಂಡಿಯೂರಿ ಕೂತರು.

ಮೇಷ್ಟ್ರು ಇಷ್ಟು ವರ್ಷ ಯಾರಿಗಾಗಿ ಕಾದಿದ್ದರೋ ಆ ಮನುಷ್ಯ ಎದುರಿಗೆ ಬಂದು ಕೂತಿದ್ದಾನೆ. ನನ್ನ ಕಡೆ ನೋಡಿದರು, ಅಮ್ಮಾವ್ರ ಕಡೆ ನೋಡಿದರು. ಕೊನೆಗೆ ತಮಗೆ ಗೊತ್ತಿದ್ದ ಒಂದೇ ದಾರಿ ಹಿಡಿದರು.

"ಹೂಂ. ಶುರು ಮಾಡಿ."

ನಾವು ಹೇಳಿದೆವು. ಅವತ್ತಿನ ಹಾಗೆ ನಾವು ಯಾವತ್ತೂ ಹೇಳಿರಲಿಲ್ಲ, ಒಬ್ಬರೂ ತಪ್ಪಲಿಲ್ಲ. ಜಪಾನಿನವರ ತುಟಿಯೂ ಅಲ್ಲಾಡುತ್ತಿತ್ತು. ಒಟ್ಟಿಗೆ ಹೇಳಿದ್ದು ಮುಗಿಯಿತು. ಮೇಷ್ಟ್ರಿಗೆ ಧೈರ್ಯ ಬಂತು, ಅಭ್ಯಾಸವೂ ಬಂತು. ಬೆರಳು ತೋರಿಸುತ್ತ ಸಾಲಿನಲ್ಲಿ ಒಬ್ಬೊಬ್ಬರಿಂದಲೂ ಹೇಳಿಸುತ್ತ ಬಂದರು. ನಾನು ಹೇಳಿದೆ. ಫೋರ್‌ಮನ್ ಹೇಳಿದರು. ನರ್ಸ್ ಹುಡುಗಿ ಹೇಳಿದಳು. ಬೆರಳು ಮುಂದಕ್ಕೆ ಹೋಗಿ ಸಾಲಿನ ಕೊನೆಗೆ ನಿಂತಿತು.

"ಬರು ಕ್ರಿಯೆ. ಹೇಳಿ."

ನಾನು ಭಾಷಾಂತರ ಮಾಡುವ ಅಗತ್ಯವೇ ಬೀಳಲಿಲ್ಲ. ಆ ಬೆರಳು ಎಲ್ಲ ದೇಶದಲ್ಲೂ ಅರ್ಥವಾಗುತ್ತದೆ. ಜಪಾನಿನವರು ಎದ್ದರು. ಕೈ ಎರಡನ್ನೂ ಪಕ್ಕಕ್ಕೆ ಇಳಿಬಿಟ್ಟು ನೆಟ್ಟಗೆ ನಿಂತರು. "ಕೊ. ಕಿ. ಕುರು." ಅಷ್ಟಕ್ಕೆ ನಿಂತರು. ತಪ್ಪಿದ್ದು ಅವರಿಗೇ ಗೊತ್ತಾಯಿತು, ಕಿವಿ ಕೆಂಪಗಾಯಿತು. ಮತ್ತೆ ಮೊದಲಿಂದ ಶುರು ಮಾಡಿ ಅಲ್ಲೇ ಬಂದು ನಿಂತರು. ಫೋರ್‌ಮನ್ ಮೀಸೆಯ ಸಂದಿಯಲ್ಲೇ, "ಕು, ಸಾರ್, ಕು" ಎಂದು ಪಿಸುಗುಟ್ಟಿದರು.

"ಹೇಳ್ಕೊಡಬಾರದು" ಎಂದರು ಮೇಷ್ಟ್ರು. ಬೆರಳು ಹಾಗೇ ತಿರುಗಿ ಕಂಬ ತೋರಿಸಿತು.

ನಮ್ಮ ಜೊತೆ ಬಂದು ಬಾಗಿಲಲ್ಲಿ ನಿಂತಿದ್ದ ಫೌಂಡ್ರಿಯ ಯಜಮಾನರು ಗೋಡೆಗೆ ಒರಗಿದರು. ಇಡೀ ಫೌಂಡ್ರಿಯ ಅನ್ನ ಆ ಮನುಷ್ಯನ ಒಂದು ಸಹಿಯಲ್ಲಿತ್ತು. ನಾನು, "ಸರ್, ಬೇಡ, ಅವರು ಅತಿಥಿ" ಎಂದು ಎದ್ದೆ. ಅಷ್ಟರಲ್ಲಿ ನರ್ಸ್ ಹುಡುಗಿ ಹೋಗಿ ಕಂಬ ಹೇಗೆ ಹಿಡಿಯಬೇಕೆಂದು ಅವರಿಗೆ ತೋರಿಸಿಯೂ ಆಗಿತ್ತು. ಅವರು ಹೋಗಿ ಹಿಡಿದರು. ಬಾಯಿಗೆ ಬರುವ ತನಕ ಹೇಳಿದರು. ಕೊನೆಗೆ ಆರೂ ರೂಪ ಸರಿಯಾಗಿ ಬಂದಾಗ ನಾವೆಲ್ಲ ಮೈಮರೆತು ಚಪ್ಪಾಳೆ ತಟ್ಟಿದೆವು. ಅವರು ಕಂಬ ಬಿಡದೆ ನಿಂತೇ ಜಪಾನಿಯಲ್ಲಿ ಏನೇನೋ ಹೇಳತೊಡಗಿದರು. ಬೆಳಿಗ್ಗೆಯಿಂದ ಆಡದ ಮಾತೆಲ್ಲ ಒಟ್ಟಿಗೆ ಬಂತು. ಹೇಳುತ್ತ ಹೇಳುತ್ತ ಅವರ ಕಣ್ಣಲ್ಲಿ ನೀರು ಬಂತು, ಅದರ ಜೊತೆಗೇ ನಗುವೂ ಬಂತು.

"ಏನಂತಾರೆ?" ಮೇಷ್ಟ್ರು ನನ್ನ ಕಡೆ ಬಗ್ಗಿದರು. "ಜಪಾನಿ ಅಲ್ವಂತಾ? ಹೇಳಮ್ಮ, ಇದ್ದದ್ದು ಇದ್ದ ಹಾಗೆ ಹೇಳು."

ಇದ್ದದ್ದು ಇದ್ದ ಹಾಗೆ ಹೇಳಿದೆ. "ಈಗ ಜಪಾನಲ್ಲಿ ಯಾರೂ ಹೀಗೆ ಮಾತಾಡಲ್ವಂತೆ ಸರ್. ಇದು ಅವರ ಹಳೇ ಭಾಷೆ, ನಮ್ಮ ಹಳಗನ್ನಡ ಇದ್ದ ಹಾಗೆ. ಆದ್ರೆ ಅಲ್ಲಿ ಹೈಸ್ಕೂಲಲ್ಲಿ ಎಲ್ಲಾ ಮಕ್ಕಳೂ ಇದನ್ನ ಬಾಯಿಪಾಠ ಮಾಡ್ಬೇಕಂತೆ, ಇದೇ ಸಾಲು, ಇದೇ ರಾಗ. ಇವರು ಯಾವಾಗ್ಲೂ ಇದೇ ಮೂರನೇದ್ರಲ್ಲೇ ತಪ್ತಿದ್ರಂತೆ. ಅವರ ಮೇಷ್ಟ್ರು ಹೊರಗೆ ನಿಲ್ಲಿಸ್ತಿದ್ರಂತೆ. ಇದರ ಕಾಟ ತಪ್ಪಿಸ್ಕೊಳೋಕೆ ಅಂತಲೇ ಇವರು ಇಂಜಿನಿಯರಿಂಗ್ ಸೇರಿದ್ದಂತೆ. ಇಷ್ಟು ದೂರ ಬಂದ್ರೂ ಬಿಡ್ಲಿಲ್ಲವಲ್ಲ ಅಂತಿದಾರೆ."

ಮೇಷ್ಟ್ರು ಕನ್ನಡಕ ತೆಗೆದರು. ಶಾಲಿನ ತುದಿಯಲ್ಲಿ ಒರೆಸಿದರು. ಹಾಕಿಕೊಂಡರು, ಮತ್ತೆ ತೆಗೆದರು.

"ಹಾಗಾದ್ರೆ ಇದು ಜಪಾನಿನೇ" ಎಂದರು. "ನೋಡಿದ್ಯೇನೇ" ಎಂದು ಅಮ್ಮಾವ್ರ ಕಡೆ ತಿರುಗಿದರು. "ಜಪಾನಿನೋರಿಗೇ ಬರಲ್ಲ ಅಂದ್ಮೇಲೆ ಇದು ಅಪ್ಪಟ ಜಪಾನಿನೇ."

ಅಮ್ಮಾವ್ರು ಕಣ್ಣೊರೆಸಿಕೊಂಡು ಅಕ್ಕಿರೊಟ್ಟಿ ತರಲು ಇಳಿದರು. ಆಮೇಲೆ ನಡೆದದ್ದು ನೆನೆಸಿಕೊಂಡರೆ ಈಗಲೂ ನನಗೆ ಹೊಟ್ಟೆ ತುಂಬುತ್ತದೆ. ಕ್ಲಾಸನ್ನು ಎರಡು ಮಾಡಿದೆವು. ಮೊದಲ ಅರ್ಧ ಈಗಿನ ಮಾತು, ಅದು ನನ್ನ ಪಾಲಿಗೆ. ಉಳಿದರ್ಧ ಆರು ರೂಪ, ಮೇಷ್ಟ್ರು ಇರುವ ತನಕ ಅವರದ್ದೇ. ನರ್ಸ್ ಹುಡುಗಿ ಮುಂದಿನ ಸಂದರ್ಶನದಲ್ಲಿ ಹೆಸರು ಮರೆಯದೆ ಹೇಳಿ ಜಪಾನಿಗೆ ಹೋದಳು. ಫೌಂಡ್ರಿಗೆ ಆರ್ಡರು ಬಂತು, ಆದರೆ ಇಂಜಿನಿಯರು ತಪಾಸಣೆಯಲ್ಲಿ ಒಂದು ಕೂದಲೆಳೆಯನ್ನೂ ಸಡಿಲ ಬಿಡಲಿಲ್ಲ. "ಕಂಬ ಹಿಡಿದ ಮೇಲೆ ಇನ್ನೂ ಸ್ಟ್ರಿಕ್ಟ್ ಆಗ್ಬಿಟ್ರು" ಎಂದು ಫೋರ್‌ಮನ್ ಗೊಣಗಿದರು.

ಅವತ್ತು ಜಪಾನಿನವರು ಹೊರಟು ಮೆಟ್ಟಿಲ ಬಳಿ ಬೂಟು ಹಾಕಿಕೊಳ್ಳುತ್ತಿದ್ದಾಗ ಮೇಷ್ಟ್ರು ಮೇಲಿನಿಂದಲೇ ನನಗೆ ಹೇಳಿದರು. "ಇನ್ನೂ ಎಷ್ಟು ದಿನ ಇರ್ತಾರಂತೆ ಕೇಳು. ಶನಿವಾರ ಕ್ಲಾಸಿಗೆ ಬರ್ಲಿ. ಮೂರನೇದು ಇನ್ನೂ ಗಟ್ಟಿಯಾಗಿಲ್ಲ."

ನಾನು ನಾಚಿಕೊಂಡೇ ಭಾಷಾಂತರ ಮಾಡಿದೆ. ಅವರು ನಡು ಬಗ್ಗಿಸಿ ನಮಸ್ಕಾರ ಮಾಡಿ ಹೋದರು. ಬರುವುದಿಲ್ಲ ಎಂದೇ ನಾವೆಲ್ಲ ಅಂದುಕೊಂಡಿದ್ದೆವು.

ಶನಿವಾರ ನಮಗಿಂತ ಮುಂಚೆ ಬಂದಿದ್ದರು. ಚಾಪೆಯೆಲ್ಲ ಖಾಲಿ ಇದ್ದರೂ ಕಂಬಕ್ಕೆ ಅಂಟಿಕೊಂಡು ಕೂತಿದ್ದರು. ಯಾಕೆ ಅಲ್ಲಿ ಎಂದು ಕೇಳಿದೆ. ಹೇಗೂ ಇಲ್ಲಿಗೇ ಬರಬೇಕಾಗುತ್ತದಲ್ಲ, ಎದ್ದು ನಡೆಯುವುದು ಉಳಿಯಲಿ ಎಂದರು.